ಗೇಟಿಗೆ ಬೀಗ ಬಿದ್ದ ಮೇಲೆ: ಅಕ್ಕಪಕ್ಕದ ಫ್ಲ್ಯಾಟುಗಳ ದಾರಿ ತಕರಾರು

(ಮಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ನಿವಾಸಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕದ್ರಿ, ಬಿಜೈ, ಅತ್ತಾವರ, ಜೆಪ್ಪು, ಅತ್ತ ಉಡುಪಿಯ ಅಂಬಲಪಾಡಿ, ಕುಂಜಿಬೆಟ್ಟು ಎಲ್ಲಿ ನೋಡಿದರೂ ಈ ತಕರಾರಿನ ಮೂಲ ಹೆಚ್ಚುಕಡಿಮೆ ಒಂದೇ. ಒಂದು ಕಾಲಕ್ಕೆ ಅದು ಒಂದೇ ಕುಟುಂಬದ ಹಿತ್ತಿಲು. ರಸ್ತೆ ಬದಿಗೆ ದೊಡ್ಡ ಮನೆ, ಹಿಂದೆ ಬಾವಿ, ತೆಂಗಿನ ಮರಗಳು, ಇನ್ನೊಂದು ಸಣ್ಣ ಮನೆ. ಪಾಲಾಯಿತು. ಮುಂದಿನ ಭಾಗ ಒಬ್ಬ ಬಿಲ್ಡರಿಗೆ ಹೋಯಿತು, ಹಿಂದಿನದು ಮತ್ತೊಬ್ಬರಿಗೆ. ಈಗ ಅಲ್ಲಿ ಎರಡು ಕಟ್ಟಡ, ನಡುವೆ ಒಂದು ಓಣಿ. ಹಿಂದಿನ ಕಟ್ಟಡದವರು ಅದೇ ಓಣಿಯಲ್ಲಿ ಬರಬೇಕು, ಅದೇ ಓಣಿಯಲ್ಲಿ ಹೋಗಬೇಕು. ಒಂದು ದಿನ ಬೆಳಿಗ್ಗೆ ಗೇಟಿಗೆ ಬೀಗ. ಇಲ್ಲವೆಂದರೆ ಓಣಿಯ ನಡುವೆ ಎರಡು ಕಾಂಕ್ರೀಟ್ ಹೂಕುಂಡ, ಅಥವಾ ಕದಲದೆ ನಿಂತ ಒಂದು ಕಾರು.

ಬೀಗ ಕಂಡ ಕೂಡಲೇ ಕೈ ಕಬ್ಬಿಣದ ಸರಳಿನ ಕಡೆಗೆ ಹೋಗುತ್ತದೆ. ದಯವಿಟ್ಟು ಬೇಡ. ಇನ್ನೊಬ್ಬರ ಜಾಗದ ಮೇಲೆ ನಮಗಿರುವ ದಾರಿ, ನೀರಿನಂಥ ಬಳಕೆಯ ಹಕ್ಕಿಗೆ ಕಾನೂನು ಈಸ್‌ಮೆಂಟ್ ಎನ್ನುತ್ತದೆ. 1882ರ ಈಸ್‌ಮೆಂಟ್ ಕಾಯ್ದೆಯ 36ನೇ ಕಲಂ ನೇರವಾಗಿಯೇ ಹೇಳುತ್ತದೆ: ದಾರಿಯ ಹಕ್ಕುಳ್ಳವನು ಅಕ್ರಮ ತಡೆಯನ್ನೂ ತಾನೇ ಕಿತ್ತುಹಾಕುವಂತಿಲ್ಲ. ನಿಮ್ಮ ಹಕ್ಕು ಎಷ್ಟೇ ಗಟ್ಟಿಯಾಗಿರಲಿ, ಬೀಗ ಒಡೆದ ಕ್ಷಣ ಎದುರು ಪಕ್ಷದವರಿಗೆ ಪೊಲೀಸ್ ದೂರು ಕೊಡಲು ವಸ್ತು ಸಿಗುತ್ತದೆ, ನಿಮ್ಮ ದೂರು ಹಿಂದೆ ಬೀಳುತ್ತದೆ.

ಒಡೆಯುವ ಬದಲು ಅಳೆಯಿರಿ. ಟೇಪು ಹಿಡಿದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಅಗಲವನ್ನು ಕಂಬದ ಮಧ್ಯದಿಂದ ಮಧ್ಯಕ್ಕಲ್ಲ, ಒಳಮುಖದಿಂದ ಒಳಮುಖಕ್ಕೆ, ಅತಿ ಕಿರಿದಾದ ಜಾಗದಲ್ಲಿ ಹಿಡಿಯಬೇಕು. 10 ಅಡಿ ದಾರಿ ಎಂದು ಕಾಗದದಲ್ಲಿದ್ದರೂ ಎರಡು ಕಡೆ ಮುಕ್ಕಾಲು ಅಡಿಯ ಕಂಬ ಎದ್ದರೆ ಉಳಿಯುವುದು ಎಂಟೂವರೆ. ಕನ್ನಡಿ ಸೇರಿ ಸುಮಾರು 2 ಮೀಟರ್ ಅಗಲದ ಆಂಬುಲೆನ್ಸ್ ನೇರಕ್ಕೆ ಅದರಲ್ಲಿ ನುಗ್ಗೀತು, ಆದರೆ ರಸ್ತೆಯಿಂದ ತಿರುಗಿಸಿ ಒಳತರುವುದು ಕಷ್ಟವಾಗಬಹುದು. ಫೋಟೊ ತೆಗೆದ ಮೂಲ ಮೊಬೈಲನ್ನು ಕಾದಿರಿಸಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಾಟ್ಸಾಪಿನಲ್ಲಿ ನಾಲ್ಕು ಗುಂಪು ಸುತ್ತಿ ಬಂದ ಫೋಟೊಗೆ ಅದನ್ನು ಕೊಡುವವರು ಯಾರು?

ಅದೇ ವಾರ ಒಂದು ಕಾಗದವನ್ನೂ ಕಳಿಸಿ. ಸ್ಪೀಡ್ ಪೋಸ್ಟಿನಲ್ಲಿ, ಇಂಥ ದಿನದಿಂದ ಇಂಥ ಜಾಗದಲ್ಲಿ ತಡೆಯಾಗಿದೆ, ನಮ್ಮ ಒಪ್ಪಿಗೆ ಇಲ್ಲ ಎಂದು ನಾಲ್ಕು ಸಾಲು ಸಾಕು. ಬಹುಕಾಲದ ಬಳಕೆಯಿಂದ ಹಕ್ಕು ಹೇಳುವವರಿಗೆ ತಡೆಯ ವಿಷಯ ತಿಳಿದೂ ಒಂದು ವರ್ಷ ಸುಮ್ಮನಿದ್ದರೆ, ಬಳಕೆ ಅಲ್ಲಿಗೆ ತುಂಡಾಯಿತೆಂದು ಕಾನೂನು ಎಣಿಸುತ್ತದೆ. ನೆರೆಕರೆಯವರಲ್ಲವೇ, ಬಾಯಲ್ಲಿ ಹೇಳಿದ್ದೇವೆ ಎಂಬ ಸೌಜನ್ಯ ದೊಡ್ಡದೇ. ಆದರೆ ಹೇಳಿದ್ದಕ್ಕೆ ಗುರುತು ಬೇಕು.

ಇನ್ನು ಮುಖ್ಯ ಮಾತು. ಈ ದಾರಿ ಎಲ್ಲಿಂದ ಹುಟ್ಟಿತು? ಮದ್ದು ಅದರ ಮೇಲೆ ನಿಂತಿದೆ. ಹುಟ್ಟು ತಿಳಿಯದೆ ನೋಟಿಸು ಬರೆದರೆ, ತಪ್ಪು ಕಚೇರಿಯ ಬಾಗಿಲು ತಟ್ಟುತ್ತಾ ವರ್ಷ ಕಳೆಯುತ್ತದೆ.

ತಕರಾರು ಒಂದೇ ಕಟ್ಟಡದೊಳಗಿನದಾದರೆ ಈಸ್‌ಮೆಂಟಿನ ಮಾತೇ ಬೇಡ. ಎದುರು ಮನೆಯವರು ಕಾರಿಡಾರಿನಲ್ಲಿ ಗ್ರಿಲ್ ಬಾಗಿಲು ಹಾಕಿದರು, ಮೆಟ್ಟಿಲಿನಡಿ ಸ್ಕೂಟರ್ ನಿಲ್ಲಿಸಿದರು, ಚಪ್ಪಲಿ ಕಪಾಟು ಹೊರಗಿಟ್ಟರು. ಇವೆಲ್ಲ ಸಾಮಾನ್ಯ ಪ್ರದೇಶ. ಅಲ್ಲಿ ನಿಮಗೂ ಅವರಿಗೂ ಅವಿಭಜಿತ ಪಾಲಿದೆ. ತನ್ನದೇ ಜಾಗದಲ್ಲಿ ತನಗೆ ದಾರಿ ಹಕ್ಕು ಎಂಬುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಸಾಮಾನ್ಯ ಪ್ರದೇಶವನ್ನು ಅದು ಯಾವುದಕ್ಕೆಂದು ಇದೆಯೋ ಅದಕ್ಕೇ, ಉಳಿದವರಿಗೆ ಅಡ್ಡಿಯಾಗದಂತೆ ಬಳಸಬೇಕು. ಬೈಲಾ ಮುರಿದರೆ ಸಂಘವೂ ನೊಂದ ಮಾಲೀಕರೂ ನ್ಯಾಯಾಲಯಕ್ಕೆ ಹೋಗಲು 7ನೇ ಕಲಂ ದಾರಿ ಕೊಡುತ್ತದೆ. ನಿಮ್ಮ ಆಯುಧ ಡಿಕ್ಲರೇಷನ್ ಪತ್ರ (ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸಿದ ಘೋಷಣಾ ಪತ್ರ), ಬೈಲಾ ಮತ್ತು ಪಾಲಿಕೆ ಮಂಜೂರು ಮಾಡಿದ ನಕ್ಷೆ. ನಕ್ಷೆಯ ಪ್ರತಿ ಬಿಲ್ಡರ್ ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವು ಇದೆ.

ದಾರಿಗೆ ಅಡ್ಡ ನಿಂತ ಕಾರಿನವರು "ಈ ಪಾರ್ಕಿಂಗ್ ನಾನು ದುಡ್ಡು ಕೊಟ್ಟು ತಗೊಂಡದ್ದು" ಎನ್ನುವುದುಂಟು. ತೆರೆದ ಜಾಗದ, ಸ್ಟಿಲ್ಟ್‌ನ (ಕಟ್ಟಡದಡಿ ಕಂಬಗಳ ನಡುವಿನ) ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ, ಮಹಾರಾಷ್ಟ್ರದ ಕಾಯ್ದೆಯಡಿ ಬಂದ ನಹಾಲ್‌ಚಂದ್ ಪ್ರಕರಣದಲ್ಲಿ ಹೇಳಿತು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶದ ಪಟ್ಟಿಯಲ್ಲೇ ಸೇರಿಸಿದೆ. ಹಾಗೆಂದು ಅವರ ಕಾರನ್ನು ಎಳೆಸಬೇಡಿ. ಮಂಜೂರಾದ ನಕ್ಷೆಯಲ್ಲಿ ಆ ಜಾಗ ವಾಹನ ಸಾಗುವ ದಾರಿಯೋ, ನಿಲ್ಲುವ ತಾಣವೋ ಎಂದು ಮಹಾಸಭೆಯ ಮೇಜಿನ ಮೇಲೆ ಬಿಡಿಸಿ ತೋರಿಸಿ.

ಈಗ ಎರಡು ಕಟ್ಟಡಗಳ ನಡುವಿನ ಓಣಿಗೆ ಬರೋಣ.

ಅತಿ ಗಟ್ಟಿಯಾದ ಹಕ್ಕು ಕಾಗದದಲ್ಲಿ ಬರೆದದ್ದು. ಅದನ್ನು ಹುಡುಕಬೇಕಾದದ್ದು ನಿಮ್ಮ ಫ್ಲ್ಯಾಟಿನ ಕ್ರಯಪತ್ರದಲ್ಲಿ ಮಾತ್ರ ಅಲ್ಲ. ಹಿತ್ತಿಲು ಎರಡಾದ ಆ ಮೊದಲ ಪಾಲುಪತ್ರ ಅಥವಾ ಕ್ರಯಪತ್ರದ ತನಕ ಹಿಂದೆ ಹೋಗಬೇಕು. ಎರಡೂ ಸ್ಥಳಗಳ ಋಣಭಾರ ಪತ್ರ, ಅಂದರೆ ಎಲ್ಲರೂ ಹೇಳುವ ಇ.ಸಿ., ತೆಗೆಸಿ. ಅದರಲ್ಲಿ ಕಂಡ ಪ್ರತಿ ದಸ್ತಾವೇಜಿನ ದೃಢೀಕೃತ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ಪಡೆಯಿರಿ. ಓದುವಾಗ ಷೆಡ್ಯೂಲಿನ, ಅಂದರೆ ಸ್ವತ್ತಿನ ವಿವರದ, ಕೊನೆಯ ಸಾಲುಗಳಲ್ಲಿ ಕಣ್ಣಿಡಿ. ಮೂಡು, ತೆಂಕು, ಪಡು, ಬಡಗು ಎಂದು ಚಕ್ಕುಬಂದಿ ಮುಗಿದ ಮೇಲೆ "ಇದಕ್ಕೆ ಸಂಬಂಧಪಟ್ಟ ನಡೆದಾಡುವ ದಾರಿ, ನೀರು ಹರಿಯುವ ಮಾಮೂಲು ಹಕ್ಕು ಸಹಿತ" ಎಂಬಂಥ ಅರ್ಧ ಸಾಲು ಇದ್ದರೆ ನಿಮ್ಮ ವ್ಯಾಜ್ಯದ ಅರ್ಧ ಅಲ್ಲೇ ಇದೆ. ಮುಂದಿನ ಜಾಗದ ಪತ್ರದಲ್ಲಿ "ಹಿಂದಿನ ಹಿತ್ತಿಲಿನವರಿಗೆ ದಾರಿ ಬಿಟ್ಟು" ಎಂದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ಹೊರೆ ಹೊತ್ತವರ ಕೈಯಿಂದಲೇ ಬಂದ ಮಾತು.

ಹಳೆ ಅಳತೆಗಳಲ್ಲಿ ಎಡವುವವರು ಬಹಳ. ಹಳೆಯ ಸರ್ವೆ ನಕ್ಷೆಗಳಲ್ಲಿ ಅಳತೆ ಲಿಂಕಿನಲ್ಲಿರುತ್ತದೆ. 100 ಲಿಂಕು ಸೇರಿದರೆ ಒಂದು ಸರಪಳಿ, 66 ಅಡಿ. ಒಂದು ಲಿಂಕು 20 ಸೆಂಟಿಮೀಟರಿಗೆ ಕೂದಲೆಳೆ ಹೆಚ್ಚು. ನಕ್ಷೆಯಲ್ಲಿ 15 ಎಂದು ಕಂಡರೆ ಅದು 15 ಅಡಿಯಲ್ಲ, ಹತ್ತಿರಹತ್ತಿರ 10 ಅಡಿ. ಇದೊಂದನ್ನು ತಪ್ಪು ಓದಿ 5 ಅಡಿ ಹೆಚ್ಚು ಕೇಳಿದವರ ಉಳಿದ ಮಾತನ್ನೂ ಎದುರಿನವರು ನಂಬುವುದಿಲ್ಲ. ಸೆಂಟ್ಸ್ ಲೆಕ್ಕಕ್ಕೆ: 1 ಸೆಂಟ್ಸ್ ಎಂದರೆ 435.6 ಚದರ ಅಡಿ. 100 ಅಡಿ ಉದ್ದದ, 10 ಅಡಿ ಅಗಲದ ಓಣಿ ಸುಮಾರು 2.3 ಸೆಂಟ್ಸ್. ಮುಂದಿನವರು ಯಾಕೆ ಇಷ್ಟು ಹಟ ಮಾಡುತ್ತಾರೆ ಎಂದು ಕೇಳುವ ಮೊದಲು ಈ ಅಂಕಿಯನ್ನು ಇಂದಿನ ಸೆಂಟ್ಸಿನ ದರಕ್ಕೆ ಗುಣಿಸಿ ನೋಡಿ.

ಯಾವ ಬಗೆಯ ದಾರಿ ಎನ್ನುವುದೂ ಅಷ್ಟೇ ಮುಖ್ಯ. ಈಸ್‌ಮೆಂಟ್ ಕಾಯ್ದೆಯ 28ನೇ ಕಲಂ ಪ್ರಕಾರ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ನಡೆದಾಡುವ ಹಕ್ಕಿದ್ದ ಮಾತ್ರಕ್ಕೆ ಕಾರು ಓಡಿಸುವ ಹಕ್ಕು ಬರುವುದಿಲ್ಲ. ಓಡಾಡುವ ಹಕ್ಕಿದ್ದ ಮಾತ್ರಕ್ಕೆ ಅದರಡಿ ನೀರಿನ ಪೈಪು, ಒಳಚರಂಡಿ ಕೊಳವೆ, ಮೆಸ್ಕಾಂ ಕೇಬಲ್ ಹಾಕಲಾಗದು. ಆ ಓಣಿಯಲ್ಲಿ ವಾಹನ ನಿಲ್ಲಿಸುವ ಹಕ್ಕಂತೂ ಇಲ್ಲವೇ ಇಲ್ಲ. ಬಹಳ ಜಗಳಗಳು ಬೀಗದಿಂದ ಶುರುವಾದವಲ್ಲ. ಹಿಂದಿನ ಕಟ್ಟಡಕ್ಕೆ ಬಂದ ನೆಂಟರು ಓಣಿಯಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋದದ್ದರಿಂದ ಶುರುವಾದವು.

ಕಾಗದ ಮೌನವಾಗಿದ್ದರೆ? ಹಿತ್ತಿಲು ಪಾಲಾದಾಗ ಹಿಂದಿನ ಭಾಗಕ್ಕೆ ಬೇರೆ ದಾರಿಯೇ ಇರದಿದ್ದರೆ 13ನೇ ಕಲಂ ಕೈ ಹಿಡಿಯುತ್ತದೆ. ಇದು ಅಗತ್ಯದಿಂದ ಹುಟ್ಟಿದ ದಾರಿ. ಆದರೆ ಅಗತ್ಯ ಬೇರೆ, ಅನುಕೂಲ ಬೇರೆ. ಹಿಂದೆ ಸುತ್ತು ಬಳಸಿ ಹೋಗುವ, ಕಡಿದಾದ ಇನ್ನೊಂದು ದಾರಿ ಇದ್ದರೂ ಈ ವಾದ ನಿಲ್ಲುವುದು ಕಷ್ಟ. ಮುಂದೊಂದು ದಿನ ಹಿಂದಿನ ಬದಿಗೆ ಪಾಲಿಕೆಯ ರಸ್ತೆ ಬಂದು ನಿಮ್ಮ ಪಾಗಾರಕ್ಕೆ ಅಲ್ಲಿ ಗೇಟು ಇಡುವಂತಾದರೆ 41ನೇ ಕಲಂ ಪ್ರಕಾರ ಈ ಹಕ್ಕು ಮುಗಿಯುತ್ತದೆ.

ಇನ್ನೊಂದು, ಬಹುಕಾಲದ ಬಳಕೆ. ಬಹಿರಂಗವಾಗಿ, ಜಗಳವಿಲ್ಲದೆ, ತಡೆಯಿಲ್ಲದೆ, ಹಕ್ಕಿನಿಂದ 20 ವರ್ಷ ಬಳಸಿರಬೇಕು. ಸರ್ಕಾರಿ ಜಾಗವಾದರೆ 30 ವರ್ಷ. ಆ ಅವಧಿ ದಾವೆ ಹಾಕುವ ದಿನದಿಂದ ಹಿಂದಿನ ಎರಡು ವರ್ಷದೊಳಗೆ ಕೊನೆಗೊಂಡಿರಬೇಕು. "ಹಕ್ಕಿನಿಂದ" ಎಂಬ ಮಾತಿನಲ್ಲೇ ಹೆಚ್ಚಿನ ದಾವೆಗಳು ಮುಗ್ಗರಿಸುತ್ತವೆ. ಮುಂದಿನ ಮನೆಯ ಹಿರಿಯರು "ಇರಲಿ ಮಾರಾಯ್ರೆ, ಇಲ್ಲಿಂದಲೇ ಹೋಗಿ ಬನ್ನಿ" ಎಂದು ಬಿಟ್ಟಿದ್ದರೆ ಅದು ಅನುಮತಿ, ಹಕ್ಕಲ್ಲ. ಅನುಮತಿ 40 ವರ್ಷ ನಡೆದರೂ ಅನುಮತಿಯೇ. ಸಾಮಾನ್ಯವಾಗಿ ಅದನ್ನು ಹಿಂತೆಗೆದುಕೊಳ್ಳಬಹುದು. ಹಿಂದಿನವರು ವರ್ಷಕ್ಕೊಮ್ಮೆ ಕೇಳಿ ಬೀಗದ ಕೈ ಪಡೆದುಕೊಳ್ಳುತ್ತಿದ್ದರು ಎಂದಾದರೆ ಅದೇ ಅವರ ವಿರುದ್ಧ ಸಾಕ್ಷಿ.

ಮದ್ರಾಸ್ ಪ್ರಾಂತಕ್ಕೆ ಈ ಕಾಯ್ದೆ 1882ರಲ್ಲೇ ಜಾರಿಯಾದದ್ದರಿಂದ, ಆಗ ಅದೇ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗೆ ಇದು ಹೊಸತಲ್ಲ. "ನಮ್ಮಲ್ಲಿ ಮಾಮೂಲು ಬೇರೆ" ಎಂಬ ಮಾತಿಗೆ ಅದರೊಳಗಿನ ಆಧಾರವನ್ನೇ ತೋರಿಸಬೇಕು.

ಮುಂದಿನ ಕಟ್ಟಡದವರ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಿಂದಿನವರು ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆ ದಾರಿ ಬಿಟ್ಟದ್ದು ಒಂದು ಮನೆಗೆ. ಒಂದು ಸೈಕಲ್ಲು, ತಿಂಗಳಿಗೊಂದು ಗ್ಯಾಸ್ ಸಿಲಿಂಡರು, ಮದುವೆಗೊಮ್ಮೆ ಒಂದು ಕಾರು. ಈಗ ಅಲ್ಲಿ 24 ಫ್ಲ್ಯಾಟು, 30 ಕಾರು, ಬೇಸಗೆಯಲ್ಲಿ ದಿನಕ್ಕೆರಡು ನೀರಿನ ಟ್ಯಾಂಕರು. ಹಕ್ಕನ್ನು ಅನುಭವಿಸುವ ಬಗೆ ಬದಲಾಯಿಸಬಹುದು, ಆದರೆ ಹೊರೆ ಹೆಚ್ಚಿಸುವಂತಿಲ್ಲ ಎನ್ನುತ್ತದೆ 23ನೇ ಕಲಂ. ಶಾಶ್ವತ ಬದಲಾವಣೆಯಿಂದ ಹೊರೆ ಗಣನೀಯವಾಗಿ ಏರಿ, ಅದನ್ನು ಇಳಿಸಲು ದಾರಿಯಿಲ್ಲದಾದರೆ ಹಕ್ಕೇ ಹೋಗಬಹುದು ಎಂದು 43ನೇ ಕಲಂ ಎಚ್ಚರಿಸುತ್ತದೆ. ಎಷ್ಟು ಬಳಕೆಗೆ ಬೇಕಾದರೂ ಆಗಲಿ ಎಂಬ ಉದ್ದೇಶದಿಂದಲೇ ಕೊಟ್ಟ ದಾರಿಗೆ ಮತ್ತು ಅಗತ್ಯದ ದಾರಿಗೆ ಅದರಲ್ಲಿ ವಿನಾಯಿತಿ ಇದೆ. ಹಿಂದಿನವರ ಕೈಯಲ್ಲಿ ಹಳೆ ಪಾಲುಪತ್ರ ಇದ್ದರೂ ರಾಜಿಗೆ ಕೂರುವುದು ಜಾಣತನ ಎನ್ನುವುದು ಇದಕ್ಕೇ.

ಓಣಿ ನಿಜಕ್ಕೂ ಯಾರದ್ದು ಎಂದು ಖಚಿತ ಮಾಡದೆ ಮಾತುಕತೆಗೆ ಇಳಿಯಬೇಡಿ. ಆರ್‌ಟಿಸಿ ಅಥವಾ ಪ್ರಾಪರ್ಟಿ ಕಾರ್ಡು, ಎಫ್‌ಎಂಬಿ (ಸರ್ವೆ ಇಲಾಖೆಯ ಅಳತೆ ಪುಸ್ತಕದ) ನಕ್ಷೆ, ಎರಡೂ ಕಟ್ಟಡಗಳ ಮಂಜೂರಾದ ನಕ್ಷೆ ಇವಿಷ್ಟನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಸರ್ವೆ ಇಲಾಖೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ಮುಂದಿನ ಬಿಲ್ಡರ್ ಅದೇ ಓಣಿಯನ್ನು ತನ್ನ ಕಟ್ಟಡ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಎಂದು ತೋರಿಸಿ, ಹಿಂದಿನ ಬಿಲ್ಡರ್ ಅದನ್ನೇ ತನ್ನ ಪ್ರವೇಶದ ರಸ್ತೆ ಎಂದು ತೋರಿಸಿ, ಇಬ್ಬರೂ ಅನುಮತಿ ಪಡೆದಿರುವ ಸಾಧ್ಯತೆ ಇದೆ. ಹಾಗಿದ್ದರೆ ಅದು ಎರಡೂ ಕಡೆಯವರನ್ನು ರಾಜಿಗೆ ತರುವ ದೊಡ್ಡ ಕಾರಣ. ಪಾಲಿಕೆಯ ತನಕ ಹೋದರೆ ಇಬ್ಬರ ಕಡತವೂ ತೆರೆಯುತ್ತದೆ.

ಇನ್ನು ಪೊಲೀಸ್ ಠಾಣೆ. "ಅದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎಂದು ಕಳಿಸುತ್ತಾರೆ ಎಂಬ ದೂರು ಪ್ರತಿ ಸಭೆಯಲ್ಲೂ ಬರುತ್ತದೆ. ಅದಕ್ಕೆ ಕಾರಣ ಇದೆ. ಅಕ್ರಮವಾಗಿ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ ಅಪರಾಧ ಹೌದು. ಆದರೆ ತಡೆಯುವ ಹಕ್ಕು ತನಗಿದೆ ಎಂದು ಸದ್ಭಾವನೆಯಿಂದ ನಂಬಿ ಖಾಸಗಿ ದಾರಿಯನ್ನು ತಡೆದವರಿಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಜಗಳ ಕೈಮೀರಿ ಶಾಂತಿಭಂಗದ ಭಯ ಇದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 166ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿ, ದಾರಿ ತಡೆಯದಂತೆ ಆದೇಶಿಸಬಹುದು. ಅದಕ್ಕೊಂದು ಷರತ್ತು: ವರ್ಷವಿಡೀ ಬಳಸುವ ದಾರಿಯಾದರೆ, ವಿಷಯ ಅವರ ಗಮನಕ್ಕೆ ಬಂದ ದಿನದಿಂದ ಹಿಂದಿನ ಮೂರು ತಿಂಗಳೊಳಗೆ ನೀವು ಅದನ್ನು ಬಳಸಿರಬೇಕು. ಬೀಗ ಬಿದ್ದು ನಾಲ್ಕು ತಿಂಗಳಾದ ಮೇಲೆ ಹೋದರೆ ಆ ಬಾಗಿಲು ಮುಚ್ಚಿರುತ್ತದೆ. ಓಣಿ ಸಾರ್ವಜನಿಕ ರಸ್ತೆಯೇ ಆಗಿದ್ದರೆ ಲೆಕ್ಕ ಬೇರೆ. ಮಂಗಳೂರಾದರೆ ಮಹಾನಗರಪಾಲಿಕೆ, ಉಡುಪಿಯಾದರೆ ನಗರಸಭೆ ಒತ್ತುವರಿ ತೆರವು ಮಾಡಬೇಕು.

ಸಿವಿಲ್ ದಾವೆ ಅನಿವಾರ್ಯವಾದರೆ ಮೂರು ವಿಷಯ ವಕೀಲರಿಗೆ ಮೊದಲೇ ಹೇಳಿ. ಓಣಿ ನಮ್ಮದೇ ಎಂದೂ, ಅದರಲ್ಲಿ ನಮಗೆ ದಾರಿ ಹಕ್ಕಿದೆ ಎಂದೂ ಒಂದೇ ಉಸಿರಿನಲ್ಲಿ ಬರೆಯಬಾರದು. ದಾರಿ ಹಕ್ಕು ಎಂದರೆ ಜಾಗ ಇನ್ನೊಬ್ಬರದ್ದು ಎಂದು ಒಪ್ಪಿದಂತೆ. ದಾವೆಯ ಷೆಡ್ಯೂಲಿನಲ್ಲಿ ಓಣಿಯ ಉದ್ದ, ಅಗಲ, ಚಕ್ಕುಬಂದಿ ಬಣ್ಣದ ನಕ್ಷೆ ಸಮೇತ ಇರಬೇಕು. ಅದಿಲ್ಲದೆ ಸಿಕ್ಕ ಡಿಕ್ರಿಯನ್ನು ನೆಲದ ಮೇಲೆ ಜಾರಿ ಮಾಡಲಾಗದು. ಇನ್ನೊಂದು, ಸಂಘ ದಾವೆ ಹಾಕುವುದಾದರೆ ಕಾರ್ಯದರ್ಶಿಗೆ ಅಧಿಕಾರ ಕೊಟ್ಟ ಮಹಾಸಭೆಯ ನಿರ್ಣಯದ ಪ್ರತಿ ಬೇಕು. ಬೀಗ ಹಾಕಿದವರು ಮೊದಲೇ ಕೇವಿಯಟ್ (ತಮ್ಮನ್ನು ಕೇಳದೆ ಆದೇಶ ಕೊಡಬಾರದೆಂಬ ಅರ್ಜಿ) ಹಾಕಿರಬಹುದು, ಅದರ ಆಯುಷ್ಯ 90 ದಿನ. ತಡೆಯನ್ನು ತೆಗೆಸುವ ಮಧ್ಯಂತರ ಆದೇಶ ಅಪರೂಪ. ತಕರಾರು ಏಳುವ ಮುಂಚಿನ ಸ್ಥಿತಿಯನ್ನು ಮರಳಿಸಲು ಮಾತ್ರ, ಅದೂ ಬಲವಾದ ಆಧಾರವಿದ್ದರೆ ಎಂದು 1990ರ ದೊರಾಬ್ ಕಾವಸ್‌ಜಿ ಪ್ರಕರಣ ಹೇಳಿದೆ. ಮೊದಲ ವಾರದ ಟೇಪು ಹಿಡಿದ ಫೋಟೊ ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ಥಳ ನೋಡಲು ಕೋರ್ಟ್ ಕಮಿಷನರ್ ಬೇಕೆಂದು ಬೇಗ ಅರ್ಜಿ ಹಾಕಿ. ಮಳೆಗಾಲ ಕಳೆದರೆ ಚಕ್ರದ ಗುರುತೂ ಇರದು, ಹಳೆ ಮುರಕಲ್ಲಿನ ಅಂಚೂ ಪಾಚಿಯಡಿ ಮುಚ್ಚಿರುತ್ತದೆ.

ದಾವೆಗೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು ನೋಡಿ ಎನ್ನುವುದು ನನ್ನ ಬಲವಾದ ಸಲಹೆ. ಅದು ನಡೆಸುವ ಲೋಕ ಅದಾಲತ್ತಿನಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಒಪ್ಪುವ ಮುಂಚೆ ಪ್ರತಿ ಸಾಲು ಓದಿ.

ಸಭೆಯಿಂದ ಒಂದು ಒಳ್ಳೆಯ ಪ್ರಶ್ನೆ ಬಂತು: ರಾಜಿಯಾದರೆ ಮುಂದಿನ ಕಟ್ಟಡದ ಪರವಾಗಿ ಸಹಿ ಹಾಕಬೇಕಾದವರು ಯಾರು? ಅಧ್ಯಕ್ಷರೊಬ್ಬರ ಸಹಿ ಸಾಲದು. ಆ ನೆಲ ಎಲ್ಲ ಫ್ಲ್ಯಾಟ್ ಮಾಲೀಕರ ಅವಿಭಜಿತ ಪಾಲು. ಸಹಮಾಲೀಕನೊಬ್ಬ ಉಳಿದವರನ್ನು ಬಿಟ್ಟು ಅದರ ಮೇಲೆ ಹೊರೆ ಹೇರಲಾಗದು. ಎಲ್ಲರೂ ಸಹಿ ಹಾಕಬೇಕು, ಇಲ್ಲವೇ ಎಲ್ಲರಿಂದ ನೋಂದಾಯಿತ ಅಧಿಕಾರಪತ್ರ ಪಡೆದ ಒಬ್ಬರು. ದುಬೈ, ಕುವೈತಿನಲ್ಲಿರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕಾಗುತ್ತದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಗೃಹಸಾಲ ಇರುವವರು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ತರಬೇಕು. ಕರಾರನ್ನು ನೋಂದಾಯಿಸಲೇಬೇಕು, ಛಾಪಾಕಾಗದದ ಮೇಲಿನ ಒಪ್ಪಂದ ಮುಂದಿನ ಖರೀದಿದಾರರನ್ನು ಕಟ್ಟುವುದಿಲ್ಲ. ದಾವೆಯಲ್ಲಿ ಆದ ರಾಜಿ ಡಿಕ್ರಿಯಾದರೆ, ಅದು ದಾವೆಯ ಸ್ವತ್ತಿಗೇ ಸೀಮಿತವಾಗಿದ್ದರೆ, ಸಾಮಾನ್ಯವಾಗಿ ಬೇರೆ ನೋಂದಣಿ ಬೇಡ.

ಕರಾರಿನೊಳಗೆ ಏನಿರಬೇಕು? ನಿವ್ವಳ ಅಗಲ, ಕಂಬದ ಒಳಮುಖದಿಂದ. 3 ಮೀಟರಿಗಿಂತ ಕಡಿಮೆಗೆ ಒಪ್ಪಬೇಡಿ. ತಿರುವಿನಲ್ಲಿ ಪಾಗಾರದ ಮೂಲೆಯನ್ನು ಓರೆಯಾಗಿ ಕತ್ತರಿಸಲು ಕೇಳಿ, ಅದು ಇಡೀ ಓಣಿಯನ್ನು ಅಗಲ ಮಾಡುವುದಕ್ಕಿಂತ ಎಷ್ಟೋ ಅಗ್ಗ. ಎತ್ತರದ ಕಟ್ಟಡವಾದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ಅಗ್ನಿಶಾಮಕ ವಾಹನಕ್ಕೆ ಕೇಳುವುದು 6 ಮೀಟರ್ ಅಗಲದ ಪ್ರವೇಶ, ಮೇಲೆ ಕಮಾನಿದ್ದರೆ 4.5 ಮೀಟರ್ ಎತ್ತರ. ಗೇಟಿನ ಬಾಗಿಲು ಪಾಗಾರಕ್ಕೆ ಒರಗಿ ಮಡಚಬೇಕು, ದಾರಿಯೊಳಗೆ ಚಾಚಬಾರದು. ಸುರಕ್ಷತೆಗಾಗಿ ರಾತ್ರಿ ಗೇಟು ಮುಚ್ಚಬೇಕೆನ್ನುವ ಮುಂದಿನವರ ಬೇಡಿಕೆ ನ್ಯಾಯವಾದದ್ದೇ. ಮುಚ್ಚಲಿ, ಆದರೆ ಹಿಂದಿನ ಪ್ರತಿ ಫ್ಲ್ಯಾಟಿಗೂ ಕೀಲಿ ಇರಲಿ, ಕಾವಲುಗಾರನ ಫೋನ್ ನಂಬರು ಗೇಟಿನ ಮೇಲೇ ಬರೆದಿರಲಿ. ಟ್ಯಾಂಕರಿನ ಹೊತ್ತು, ಗಾತ್ರ ಎರಡೂ ಬರೆಯಿರಿ. 6,000 ಲೀಟರ್ ಟ್ಯಾಂಕರಿನಲ್ಲಿ ನೀರಿನ ಭಾರವೇ 6 ಟನ್. 60 ಮಿಲಿಮೀಟರ್ ಇಂಟರ್‌ಲಾಕ್ ಅದಕ್ಕೆ ಕುಸಿಯುತ್ತದೆ, 80 ಮಿಲಿಮೀಟರಿನದ್ದು ಹಾಕಿಸಿ. ಹಕ್ಕು ಅನುಭವಿಸುವವರೇ ದಾರಿಯ ದುರಸ್ತಿ ಖರ್ಚು ಹೊರಬೇಕು ಎನ್ನುವುದು ಈಸ್‌ಮೆಂಟ್ ಕಾಯ್ದೆಯ ಸಾಮಾನ್ಯ ನಿಯಮ. ಮುಂದಿನವರೂ ಅದೇ ಓಣಿ ಬಳಸುವುದಾದರೆ ಕಾರುಗಳ ಸಂಖ್ಯೆಯ ಮೇಲೆ ಪಾಲು ಹಾಕುವುದು ಫ್ಲ್ಯಾಟುಗಳ ಸಂಖ್ಯೆಗಿಂತ ನ್ಯಾಯ.

ನೀರನ್ನು ಮರೆಯಬೇಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಓಣಿಯೆಂದರೆ ಮಳೆಗಾಲದ ತೋಡು. ಇಂಟರ್‌ಲಾಕ್ ಹಾಕಿ ನೆಲ ಅರ್ಧ ಅಡಿ ಏರಿಸಿದರೆ ನೀರು ಮುಂದಿನವರ ಸಂಪಿಗೋ ಹಿಂದಿನವರ ಲಿಫ್ಟ್ ಗುಂಡಿಗೋ ಇಳಿಯುತ್ತದೆ, ಹಳೆ ಜಗಳ ಹೊಸ ಹೆಸರಿನಲ್ಲಿ ಬರುತ್ತದೆ. ಓಣಿಯ ಮುಗಿದ ನೆಲಮಟ್ಟವನ್ನು ರಸ್ತೆಯ ಮಟ್ಟಕ್ಕೆ ಹೋಲಿಸಿ ಕರಾರಿನಲ್ಲಿ ಬರೆಯಿರಿ. ಅಡ್ಡ ಇಳಿಜಾರು 50ಕ್ಕೆ 1, ಒಂದು ಬದಿಗೆ ಕಬ್ಬಿಣದ ಜಾಲರಿಯ ಚರಂಡಿ, ಮೇ ತಿಂಗಳಲ್ಲಿ ಅದನ್ನು ಯಾರು ಶುಚಿ ಮಾಡಬೇಕು ಎಂಬುದನ್ನೂ ಬರೆಯಿರಿ.

ನೋಂದಣಿಯಾದ ದಿನ ಕೆಲಸ ಮುಗಿಯುವುದಿಲ್ಲ. ಸರ್ವೆಯರ್ ಜೊತೆ ನಿಂತು ಓಣಿಯ ಎರಡೂ ಅಂಚಿಗೆ ಗುರುತು ಕಲ್ಲು ನೆಡಿಸಿ, ಅದರ ನಕ್ಷೆಯನ್ನು ಎರಡೂ ಸಂಘಗಳ ಕಡತದಲ್ಲಿಡಿ. ತಿಂಗಳು ಕಳೆದ ಮೇಲೆ ಎರಡೂ ಸ್ವತ್ತಿಗೆ ಹೊಸ ಇ.ಸಿ. ತೆಗೆಸಿ, ಆ ಕರಾರು ಎರಡರಲ್ಲೂ ಕಾಣುತ್ತದೆಯೇ ನೋಡಿ. ಒಂದರಲ್ಲಿ ಮಾತ್ರ ಕಂಡರೆ ಸೂಚಿಯಲ್ಲಿ ಒಂದು ಸ್ವತ್ತು ಬಿಟ್ಟುಹೋಗಿದೆ ಎಂದರ್ಥ. ಅದನ್ನು ಸರಿಪಡಿಸಲು ಆ ವಾರವೇ ಉಪನೋಂದಣಿ ಕಚೇರಿಗೆ ಅರ್ಜಿ ಕೊಡಿ.